ಗೆರೆಯ ದಪ್ಪ ಯಾರ ಕೈಯಲ್ಲಿರಬೇಕು?

ಆಲೂರು ಪೇಟೆಯೊಳಗೆ ಮೂವತ್ತಕ್ಕೆ ನಲವತ್ತರ ನಿವೇಶನಕ್ಕೆ ಮನೆ ನಕ್ಷೆ ಬರೆಯುವವರು ಗೆರೆಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗೋಡೆಗೆ ದಪ್ಪ ಗೆರೆ, ಬಾಗಿಲು ಕಿಟಕಿಗೆ ಅದಕ್ಕಿಂತ ತೆಳು, ಸಜ್ಜಾ ಮತ್ತು ತೊಲೆಗೆ ತುಂಡುಗೆರೆ, ಅಳತೆ ತೋರಿಸಲು ಎಲ್ಲಕ್ಕಿಂತ ಸಣ್ಣದು. ನಾಲ್ಕೈದು ಬಗೆಯಲ್ಲಿ ಕೆಲಸ ಮುಗಿಯುತ್ತದೆ. ಅದೇ ಮನುಷ್ಯ ಸಕಲೇಶಪುರ ದಾಟಿ ಹೆತ್ತೂರು ಕಡೆಯ ತೋಟವೊಂದರ ಇಳಿಜಾರಿನಲ್ಲಿ ಹೋಂಸ್ಟೇ ನಕ್ಷೆ ಮಾಡಲು ಕೂತರೆ ಲೆಕ್ಕವೇ ಬೇರೆ. ಒಂದೊಂದು ಮೀಟರಿಗೆ ಒಂದು ಕಂಟೂರ್, ಅಂದರೆ ಸಮ ಎತ್ತರದ ಗೆರೆ, ಐದನೆಯದು ದಪ್ಪ. ಸರ್ವೆ ನಂಬರಿನ ಗಡಿ, ಒಳಗೆ ಹಿಸ್ಸಾ ಗಡಿ, ಹಳ್ಳದ ದಂಡೆ, ಹಳ್ಳದಿಂದ ಬಿಡಬೇಕಾದ ಜಾಗದ ಗೆರೆ, ತೋಟದ ರಸ್ತೆ, ಕಾಲುದಾರಿ, ಕರೆಂಟಿನ ತಂತಿ, ಸೋಲಾರ್ ಬೇಲಿ, ತಡೆಗೋಡೆ, ಕಡಿಯಬೇಕಾದ ಧರೆಯ ಮೇಲಂಚು ಕೆಳಂಚು, ಮಣ್ಣಿನಡಿ ಹೋಗುವ ಮೋರಿ ಮತ್ತು ಪೈಪು, ಪಕ್ಕದಲ್ಲಿ ಕಾಫಿ ಕಣ, ಲೈನ್ ಮನೆ. ಇಷ್ಟೂ ಒಂದೇ ಹಾಳೆಯಲ್ಲಿ, ಅದೂ ಕಡೆಗೆ ಕಪ್ಪು ಬಿಳುಪಿನ ಪ್ರಿಂಟಿನಲ್ಲಿ, ಒಂದರಿಂದ ಇನ್ನೊಂದು ಬೇರೆ ಎಂದು ಕಾಣಬೇಕು.

ಹಾಗೆ ಕಾಣಿಸಲು ಕಂಪ್ಯೂಟರ್ ನಕ್ಷೆಯಲ್ಲಿ ಎರಡು ಹಿಡಿಕೆಗಳಿವೆ. ಲೈನ್‌ವೇಟ್ ಎಂದರೆ ಗೆರೆಯ ದಪ್ಪ. ಲೈನ್‌ಟೈಪ್ ಸ್ಕೇಲ್ ಎಂದರೆ ತುಂಡುಗೆರೆ, ಚುಕ್ಕಿಗೆರೆಗಳಲ್ಲಿ ಒಂದೊಂದು ತುಂಡು ಎಷ್ಟುದ್ದ, ನಡುವೆ ಎಷ್ಟು ಖಾಲಿ ಎನ್ನುವ ಲೆಕ್ಕ. ಈ ಎರಡನ್ನೂ ಕಚೇರಿಯ ಒಂದು ನಿಯಮಕ್ಕೆ ಕಟ್ಟಿ, ಆಮೇಲೆ ಯಾರೂ ಮುಟ್ಟದಂತೆ ಇಡಬೇಕು ಎನ್ನುವವರಿದ್ದಾರೆ. ಹಾಳೆ ನೋಡಿಕೊಂಡು ಬರೆಯುವವರೇ ಗೆರೆಗೆರೆಗೂ ಹೊಂದಿಸಬೇಕು ಎನ್ನುವವರೂ ಇದ್ದಾರೆ. ಬಯಲುಸೀಮೆಯಲ್ಲಿ ಈ ಜಗಳಕ್ಕೆ ಹೆಚ್ಚು ಬೆಲೆಯಿಲ್ಲ, ಯಾರು ಗೆದ್ದರೂ ಮನೆ ಎದ್ದು ನಿಲ್ಲುತ್ತದೆ. ಮಲೆನಾಡಿನಲ್ಲಿ ಮಾತ್ರ ಒಂದು ತುಂಡುಗೆರೆ ಇಡೀ ಗೆರೆಯಾಗಿ ಮುದ್ರಣವಾದರೆ ತಡೆಗೋಡೆಯ ಖರ್ಚೇ ಬದಲಾಗಬಹುದು.

ಮೊದಲು ಲೆಕ್ಕ ಸ್ವಲ್ಪ ನೋಡೋಣ, ಜಗಳದ ಅರ್ಧಭಾಗ ಇರುವುದು ಅಲ್ಲೇ. ಆಟೋಕ್ಯಾಡ್ ತಂತ್ರಾಂಶದ ಮೆಟ್ರಿಕ್ ಪಟ್ಟಿಯಲ್ಲಿ 'ಹಿಡನ್' ಎಂಬ ತುಂಡುಗೆರೆಯ ಒಂದು ತುಂಡು 6.35 ಮಿಲಿಮೀಟರ್, ನಡುವಿನ ಖಾಲಿ ಅದರ ಅರ್ಧ. ಇಂಚಿನ ಪಟ್ಟಿಯಲ್ಲಿ ಇದೇ ಕಾಲು ಇಂಚು. ಮನೆಯನ್ನು ಮಿಲಿಮೀಟರಿನಲ್ಲಿ ಬರೆದು 1:100ಕ್ಕೆ ಮುದ್ರಿಸಿದರೆ ಆ 6.35 ಮಿಲಿಮೀಟರ್ ಕಾಗದದ ಮೇಲೆ 0.06ಕ್ಕೆ ಇಳಿಯುತ್ತದೆ. ಕಣ್ಣಿಗೆ ಅದು ತುಂಡಿಲ್ಲದ ಗೆರೆ. ಆದ್ದರಿಂದ ಎಲ್‌ಟಿಸ್ಕೇಲ್ ಎಂಬ ಒಟ್ಟಾರೆ ಗುಣಕವನ್ನು 100 ಮಾಡುತ್ತಾರೆ. ಇತ್ತ ಸರ್ವೆಯವರ ಟೋಟಲ್ ಸ್ಟೇಷನ್ ಲೆಕ್ಕ ಕೊಡುವುದು ಮೀಟರಿನಲ್ಲಿ. ಅವರ ಕಡತವನ್ನು 1:500ಕ್ಕೆ ಮುದ್ರಿಸಲು ಬೇಕಾದ ಗುಣಕ 0.5. ಮೇಸ್ತ್ರಿಗೆ ಬೇಕಾದ್ದು ಅಡಿ. ತೋಟದ ಸಾಹುಕಾರರು ಮಾತಾಡುವುದು ಎಕರೆ ಗುಂಟೆಯಲ್ಲಿ, ಅಂದರೆ 33 ಅಡಿಗೆ 33 ಅಡಿಯ ಹಳೆಯ ಸರಪಳಿ ಲೆಕ್ಕದಲ್ಲಿ. ಸರ್ವೆಯವರ ಮೀಟರ್ ಕಡತವನ್ನು ಮನೆಯ ಮಿಲಿಮೀಟರ್ ಕಡತದೊಳಗೆ ತಂದು ಸಾವಿರ ಪಟ್ಟು ದೊಡ್ಡದು ಮಾಡಿದಾಗ ಕಂಟೂರ್ ದೊಡ್ಡದಾಗುತ್ತದೆ, ತುಂಡಿನ ಉದ್ದ ಮಾತ್ರ ಇದ್ದ ಹಾಗೇ ಉಳಿಯುತ್ತದೆ. ಸರ್ವೆಯವರ ಕಡತದಲ್ಲಿ ಚೆನ್ನಾಗಿ ಕಾಣುತ್ತಿದ್ದ ಗಡಿಯ ಗೆರೆ ಇಲ್ಲಿ ಬಂದ ಕೂಡಲೇ ಕೆಡುವುದು ಹೀಗೆ.

ನಿಯಮದ ಪಕ್ಷದವರು ತಮ್ಮ ವಾದ ಶುರು ಮಾಡುವುದೂ ಇಲ್ಲಿಂದಲೇ. ಒಂದು ಕಡತ ಎಷ್ಟು ಕೈ ದಾಟುತ್ತದೆ ನೋಡಿ ಎನ್ನುತ್ತಾರೆ. ಸರ್ವೆಯವರಿಂದ ಆರ್ಕಿಟೆಕ್ಟಿಗೆ, ಅಲ್ಲಿಂದ ಸ್ಟ್ರಕ್ಚರಲ್ ಎಂಜಿನಿಯರಿಗೆ, ಬ್ಯಾಂಕಿನ ಸಾಲದ ಕಡತಕ್ಕೆ, ಪಂಚಾಯಿತಿಗೆ, ಕೊನೆಗೆ ಜಾಗದ ಮೇಲೆ ನಿಂತ ಮೇಸ್ತ್ರಿಗೆ. ಗೆರೆ ಗೆರೆಗೆ ಸಿಇಎಲ್‌ಟಿಸ್ಕೇಲ್ ಎಂಬ ಬಿಡಿ ಗುಣಕವನ್ನು ಬೇರೆ ಬೇರೆಯಾಗಿ ಕೊಟ್ಟ ಕಡತವನ್ನು ಎರಡನೆಯವರು ತೆರೆದಾಗ ಅವರಿಗೆ ಏನೂ ತಿಳಿಯುವುದಿಲ್ಲ. ಒಂದು ಪೈಪಿನ ತುಂಡು ಏಕೆ ಉದ್ದ, ಪಕ್ಕದ್ದು ಏಕೆ ಗಿಡ್ಡ? ಬೇರೆ ಪೈಪೇ? ಅಥವಾ ಯಾರೋ ರಾತ್ರಿ ಹನ್ನೊಂದಕ್ಕೆ ಕೈಯಾಡಿಸಿದ್ದೇ? ಮ್ಯಾಚ್‌ಪ್ರಾಪ್ ಎಂಬ ಸಲಕರಣೆ ಬೇರೆ ಇದೆ, ಒಂದು ಗೆರೆಯ ಗುಣವನ್ನು ಇನ್ನೊಂದಕ್ಕೆ ಅಂಟಿಸುವುದು. ಒಂದು ಕಡೆ ಮಾಡಿದ ವಿನಾಯಿತಿ ಅದರ ಮೂಲಕ ಹಾಳೆಯ ಮೂಲೆಮೂಲೆಗೂ ಹಬ್ಬುತ್ತದೆ. ಎಲ್ಲವೂ ಬೈಲೇಯರ್ ಆಗಿದ್ದರೆ, ಅಂದರೆ ಗೆರೆ ತನ್ನ ದಪ್ಪ, ಬಗೆ, ಬಣ್ಣಗಳನ್ನು ತಾನಿರುವ ಲೇಯರಿನಿಂದ ಪಡೆಯುವಂತಿದ್ದರೆ, ಒಂದು ಕಡೆ ತಿದ್ದಿದರೆ ಸಾಕು, ಸಾವಿರ ಗೆರೆ ತಾನೇ ತಿದ್ದುಕೊಳ್ಳುತ್ತದೆ.

ಅವರ ಕೈಯಲ್ಲಿ ಇನ್ನೊಂದು ಗಟ್ಟಿ ಸಾಕ್ಷಿ ಇದೆ. ಒಂದೇ ಎ1 ಹಾಳೆಯಲ್ಲಿ ಜಾಗದ ನಕ್ಷೆ 1:500ಕ್ಕೆ, ಮನೆ 1:100ಕ್ಕೆ, ತಡೆಗೋಡೆಯ ಸೀಳುನೋಟ 1:50ಕ್ಕೆ ಇರುತ್ತದೆ. ಎಲ್‌ಟಿಸ್ಕೇಲ್ 100 ಎಂದು ಇಟ್ಟು ಬಿಟ್ಟರೆ ಒಂದೇ ತುಂಡುಗೆರೆ ಮೊದಲನೆಯದರಲ್ಲಿ 1.27 ಮಿಲಿಮೀಟರ್, ಮೂರನೆಯದರಲ್ಲಿ 12.7 ಮಿಲಿಮೀಟರ್ ಆಗಿ ಬೀಳುತ್ತದೆ. ಹತ್ತು ಪಟ್ಟು ವ್ಯತ್ಯಾಸ. ಹಾಳೆಯ ಒಂದೊಂದು ಕಿಟಕಿಯ (ವ್ಯೂಪೋರ್ಟ್) ಅಳತೆಗೆ ತಕ್ಕಂತೆ ತುಂಡನ್ನು ಹೊಂದಿಸುವ ಪಿಎಸ್‌ಎಲ್‌ಟಿಸ್ಕೇಲ್ ಅನ್ನು 1 ಮಾಡಿ, ಎಲ್‌ಟಿಸ್ಕೇಲನ್ನೂ 1ಕ್ಕೆ ತಂದರೆ ಮೂರೂ ಕಿಟಕಿಗಳಲ್ಲಿ ತುಂಡು ಕಾಗದದ ಮೇಲೆ ಒಂದೇ ಉದ್ದ. 2008ರ ಆವೃತ್ತಿಯಿಂದ ನಕ್ಷೆ ಬರೆಯುವ ಮಾಡೆಲ್ ಸ್ಪೇಸಿನಲ್ಲೂ ಇದಕ್ಕೆ ಜೊತೆಯಾದ ಸವಲತ್ತು ಬಂದಿದೆ. ಇಷ್ಟು ಅನುಕೂಲ ಇರುವಾಗ ಕೈಯಲ್ಲಿ ಹೊಂದಿಸುತ್ತಾ ಕೂರುವುದು ಹಳೆ ಚಾಳಿ ಎಂಬುದು ಅವರ ಮಾತು. ಬಹುಪಾಲು ಹಾಳೆಗಳ ಮಟ್ಟಿಗೆ ಈ ಮಾತು ಸರಿ.

ದಪ್ಪದ ವಿಷಯದಲ್ಲಿ ನಿಯಮದವರ ವಾದ ಇನ್ನೂ ಬಲ. 0.13, 0.18, 0.25, 0.35, 0.5, 0.7, 1.0 ಎಂಬ ಸಾಲು ಸುಮ್ಮನೆ ಹುಟ್ಟಿದ್ದಲ್ಲ. ಒಂದರಿಂದ ಮುಂದಿನದಕ್ಕೆ ಹೋಗುವಾಗ ಸುಮಾರು 1.4 ಪಟ್ಟು, ಅಂದರೆ ಎರಡರ ವರ್ಗಮೂಲ. ಎ1 ಹಾಳೆಯಿಂದ ಎ2ಗೆ, ಎ2ರಿಂದ ಎ3ಗೆ ಇಳಿಯುವಾಗ ಉದ್ದ ಕುಗ್ಗುವುದೂ ಅದೇ ಲೆಕ್ಕದಲ್ಲಿ. ಎ1ರಲ್ಲಿ 0.7 ಇದ್ದ ಗೋಡೆ ಎ3 ಪ್ರತಿಯಲ್ಲಿ 0.35 ಆಗಿ ಕೂರುತ್ತದೆ, ಸಾಲಿನೊಳಗೇ ಉಳಿಯುತ್ತದೆ. ರೋಟ್ರಿಂಗ್ ಪೆನ್ನಿನಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಬರೆದವರಿಗೆ ಇದು ಬಾಯಿಪಾಠ. ಕೆಂಪು ಪಟ್ಟಿಯದು 0.18, ಬಿಳಿಯದು 0.25, ಹಳದಿಯದು 0.35, ಕಂದು 0.5, ನೀಲಿ 0.7. ನಮ್ಮ ಕಡೆ ಕೆಲಸ ನಡೆಯುವುದು ಹೆಚ್ಚಾಗಿ ಎ3 ಅಥವಾ ಎ4 ಪ್ರತಿಯಲ್ಲಿ, ಅದೂ ಜೆರಾಕ್ಸಿನ ಜೆರಾಕ್ಸಿನಲ್ಲಿ. ಎ1ಕ್ಕೆಂದು 0.13ರಲ್ಲಿ ಬರೆದ ಕಂಟೂರ್ ಎ3ಗೆ ಬಂದಾಗ 0.065. ಇಂಚಿಗೆ 600 ಚುಕ್ಕಿ ಹಾಕುವ ಯಂತ್ರದಲ್ಲಿ ಒಂದು ಚುಕ್ಕಿಯೇ 0.042 ಮಿಲಿಮೀಟರ್. ಒಂದೂವರೆ ಚುಕ್ಕಿಯ ಗೆರೆ ಎರಡನೇ ಜೆರಾಕ್ಸಿಗೆ ಉಳಿಯುವುದಿಲ್ಲ. ಸಕಲೇಶಪುರದ ಮಳೆಗಾಲದಲ್ಲಿ ಶೆಡ್ಡಿನ ಗೋಡೆಗೆ ಅಂಟಿಸಿ ತೇವ ಹೀರಿದ ಹಾಳೆಯಲ್ಲಂತೂ ಕೇಳುವುದೇ ಬೇಡ. ಇದನ್ನು ಮುಂದಾಗಿ ಲೆಕ್ಕ ಹಾಕುವುದು ಒಬ್ಬೊಬ್ಬರ ಕಣ್ಣಳತೆಗೆ ಬಿಡುವ ಕೆಲಸವಲ್ಲ.

ಈಗ ಕೈಯ ಪಕ್ಷ. ಇವರನ್ನು ಸೋಮಾರಿಗಳು, ನಿಯಮಗೇಡಿಗಳು ಎಂದುಕೊಂಡರೆ ತಪ್ಪಾಗುತ್ತದೆ. ಇವರ ಮಾತಿನ ತಿರುಳು ಇಷ್ಟೇ: ನಿಯಮ ಮಾಡಿದವರು ಸಮತಟ್ಟು ನೆಲದಲ್ಲಿ ಕೂತು ಮಾಡಿದ್ದಾರೆ, ನಮ್ಮ ನೆಲ ಹಾಗಿಲ್ಲ.

ಒಂದು ಸೆಪ್ಟಿಕ್ ಟ್ಯಾಂಕ್ ತೆಗೆದುಕೊಳ್ಳಿ. ಮಣ್ಣಿನಡಿ ಇರುವುದರಿಂದ ತುಂಡುಗೆರೆಯಲ್ಲೇ ತೋರಿಸಬೇಕು. ಎರಡು ಮೀಟರ್ ಬದಿಯ ಟ್ಯಾಂಕು 1:500ರಲ್ಲಿ 4 ಮಿಲಿಮೀಟರ್. ನಿಯಮದ ಪ್ರಕಾರ ತುಂಡು 6.35. ಒಂದು ಬದಿಗೆ ಒಂದು ತುಂಡೂ ಹಿಡಿಸುವುದಿಲ್ಲ. ತುಂಡು ಹಿಡಿಸದಿದ್ದರೆ ತಂತ್ರಾಂಶ ಅದನ್ನು ಇಡೀ ಗೆರೆಯಾಗಿ ಎಳೆದುಬಿಡುತ್ತದೆ. ನೆಲದಡಿಯ ತೊಟ್ಟಿ ನೆಲದ ಮೇಲಿನ ಗೂಡಾಗುತ್ತದೆ. ಮೇಸ್ತ್ರಿ ಬಂದು "ಇಲ್ಲೊಂದು ರೂಮು ತೋರಿಸಿದೀರಲ್ಲ ಸಾರ್, ಇದಕ್ಕೆ ಬಾಗಿಲೆಲ್ಲಿ?" ಎಂದು ಕೇಳಿದರೆ ತಪ್ಪು ಮೇಸ್ತ್ರಿಯದಲ್ಲ. ಇಲ್ಲಿ ಆ ಒಂದು ಚೌಕಕ್ಕೆ ಗುಣಕವನ್ನು ಕಾಲು ಭಾಗ ಮಾಡುವುದು ಚಾಳಿಯಲ್ಲ, ಅಗತ್ಯ.

ರೈಲು ದಾರಿಯ ನಕ್ಷೆಗೂ ಇದೇ ಕಾಟ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ. ಅಂದರೆ ಬಯಲಲ್ಲಿ ಇಡೀ ಗೆರೆ, ಬೆಟ್ಟದೊಳಗೆ ತುಂಡುಗೆರೆ ಎಂದು 57 ಸಲ ಬದಲಾಗಬೇಕು. 1:50,000ದಲ್ಲಿ ನೂರು ಮೀಟರಿನ ಸುರಂಗ ಕಾಗದದ ಮೇಲೆ 2 ಮಿಲಿಮೀಟರ್. ಎಲ್ಲಕ್ಕೂ ಒಂದೇ ಗುಣಕ ಎಂದರೆ ಗಿಡ್ಡ ಸುರಂಗಗಳು ನಕ್ಷೆಯಿಂದಲೇ ಮಾಯ.

ಆದರೆ ಕೈಯ ಪಕ್ಷದ ನಿಜವಾದ ಬಲ ಇರುವುದು ಕಂಟೂರ್‌ಗಳಲ್ಲಿ. ಈ ಕಡೆಯ ತೋಟಗಳನ್ನು ಈಗ ಡ್ರೋನ್ ಹಾರಿಸಿಯೂ ಅಳೆಯುತ್ತಾರೆ. ಡ್ರೋನಿನ ಕ್ಯಾಮೆರಾಕ್ಕೆ ಕಾಣುವುದು ಸಿಲ್ವರ್ ಓಕಿನ ತುದಿ, ಅತ್ತಿ ಬಸರಿಯ ನೆತ್ತಿ; ಅದರಡಿಯ ಕಾಫಿ ಗಿಡವೂ ಕಾಣದು, ಕಾಫಿಯಡಿಯ ನೆಲವಂತೂ ದೂರದ ಮಾತು. ಟೋಟಲ್ ಸ್ಟೇಷನ್ ಇಟ್ಟುಕೊಂಡು ಹೋದರೂ ಮರ ಗಿಡಗಳ ನಡುವೆ ದೃಷ್ಟಿ ಸಿಕ್ಕಷ್ಟು ಬಿಂದು ಮಾತ್ರ. ಹಾಗಾಗಿ ಒಂದೇ ಹಾಳೆಯಲ್ಲಿ ರಸ್ತೆ ಬದಿಯ ಕಂಟೂರ್ ಅಳೆದದ್ದು, ತೋಟದೊಳಗಿನದು ಅಂದಾಜಿನದು. ಸರ್ವೆ ಆಫ್ ಇಂಡಿಯಾದ ಭೂಪಟಗಳಲ್ಲೂ ಅಂದಾಜಿನ ಕಂಟೂರ್ ತುಂಡುಗೆರೆಯೇ. ಓದುವವರಿಗೆ ಆ ತುಂಡುಗಳು ಹೇಳುವುದು ಒಂದೇ ಮಾತು: ಇಲ್ಲಿ ನಂಬಿ ಅಗೆಯಬೇಡ.

ಈ ಮಾತು ಕಾಗದಕ್ಕೆ ಬರುವಾಗ ಸದ್ದಿಲ್ಲದೆ ಅಳಿಸಿಹೋಗುವ ದಾರಿಯೊಂದಿದೆ. ಕಂಟೂರ್ ಎಂಬುದು ಸಾವಿರಾರು ಸಣ್ಣ ಚೂರುಗಳನ್ನು ಜೋಡಿಸಿದ ಪಾಲಿಲೈನ್. ಅರ್ಧ ಮೀಟರಿಗೆ, ಒಂದು ಮೀಟರಿಗೆ ಒಂದು ಸಂದು. ಪಿಲೈನ್‌ಜೆನ್ ಎಂಬ ಸಂಯೋಜನೆ ಸೊನ್ನೆಯಲ್ಲಿದ್ದರೆ ತುಂಡುಗೆರೆಯ ವಿನ್ಯಾಸ ಪ್ರತಿ ಸಂದಿನಲ್ಲೂ ಹೊಸದಾಗಿ ಶುರುವಾಗುತ್ತದೆ. ಚೂರು ಗಿಡ್ಡ, ತುಂಡು ಉದ್ದ, ಹಿಡಿಸುವುದಿಲ್ಲ, ಆದ್ದರಿಂದ ಇಡೀ ಗೆರೆ. ಪರದೆಯ ಮೇಲೆ ಲೇಯರ್ ಪಟ್ಟಿ ನೋಡಿದರೆ 'ಹಿಡನ್' ಎಂದೇ ಇರುತ್ತದೆ, ಬೈಲೇಯರ್ ಎಂದೇ ಇರುತ್ತದೆ, ನಿಯಮ ಮುರಿದಿಲ್ಲ. ಮುದ್ರಣದಲ್ಲಿ ಮಾತ್ರ ಅಂದಾಜು ಅಳತೆಯಾಗಿಬಿಟ್ಟಿರುತ್ತದೆ. ಅದನ್ನು ನಂಬಿ ಮಣ್ಣು ಕಡಿಯುವ ಲೆಕ್ಕ ಹಾಕಿದರೆ, ಮೂರು ಮೀಟರಿನ ಧರೆ ಎಂದುಕೊಂಡದ್ದು ನಾಲ್ಕೂವರೆ ಆದರೆ, ತಡೆಗೋಡೆಯ ಪಾಯ, ಕಬ್ಬಿಣ, ಹಿಂದಿನ ನೀರು ಹೋಗುವ ದಾರಿ ಎಲ್ಲವೂ ಬೇರೆ. ಜುಲೈ ಮಳೆಯಲ್ಲಿ ಶಿರಾಡಿ ಘಾಟಿಯ ರಸ್ತೆ ಬದಿಯ ಧರೆಗಳು ಜರಿಯುವುದನ್ನು ಕಂಡವರಿಗೆ ಈ ಒಂದೂವರೆ ಮೀಟರಿನ ತೂಕ ಬಿಡಿಸಿ ಹೇಳಬೇಕಿಲ್ಲ. ಪ್ರಿಂಟು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದವರಿಗಷ್ಟೇ ಈ ತಪ್ಪು ಸಿಗುತ್ತದೆ ಎಂಬುದು ಕೈಯ ಪಕ್ಷದವರ ಹೆಮ್ಮೆ. ಹೆಮ್ಮೆ ಪಡಬೇಕಾದ್ದೇ.

ಇಳಿಜಾರು ಕಡಿದಾದ ಕಡೆ ದಪ್ಪಕ್ಕೂ ಕಷ್ಟ ಬರುತ್ತದೆ. ಒಂದು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುವ ಜಾಗದಲ್ಲಿ 1:1000ದ ಹಾಳೆಯ ಮೇಲೆ ಕಂಟೂರ್‌ಗಳ ನಡುವಿನ ಅಂತರ ಒಂದೇ ಮಿಲಿಮೀಟರ್. 0.25ರ ಗೆರೆ ಎಳೆದರೆ ಜಾಗದ ಕಾಲುಭಾಗ ಬರೀ ಶಾಯಿ. ಅದರೊಳಗೆ ಪೈಪು, ಗಡಿ, ಕಾಲುದಾರಿ ಯಾವುದೂ ಕಾಣದು. 0.13 ಮಾಡಿದರೆ ಪ್ರಿಂಟು ಚೆಂದ, ಜೆರಾಕ್ಸಿನಲ್ಲಿ ಬೆಟ್ಟವೇ ಇಲ್ಲ. ನಿಯಮ ಎರಡರಲ್ಲಿ ಒಂದನ್ನು ಆರಿಸು ಎನ್ನುತ್ತದೆ. ಕೈ ಪಳಗಿದವರು ಕಡಿದಾದ ಕಡೆ ನಡುವಿನ ಕಂಟೂರ್‌ಗಳನ್ನು ಬಿಟ್ಟು ಐದರ ಗೆರೆಗಳನ್ನಷ್ಟೇ ಉಳಿಸಿ ಬುದ್ಧಿವಂತಿಕೆ ತೋರಿಸುತ್ತಾರೆ. ಇದನ್ನು ಯಾವ ಟೆಂಪ್ಲೇಟೂ ತಾನಾಗಿ ಮಾಡಿಕೊಡುವುದಿಲ್ಲ.

ಮಂಜರಾಬಾದ್ ಕೋಟೆಯ ನಕ್ಷೆಯನ್ನು ಯಾರಾದರೂ ವಿದ್ಯಾರ್ಥಿಗೆ ಬರೆಯಲು ಕೊಟ್ಟರೆ ಈ ಮಾತು ಬೇಗ ಮನದಟ್ಟಾಗುತ್ತದೆ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಅದು. ಎಲ್ಲ ಗೆರೆ ಒಂದೇ ದಪ್ಪದಲ್ಲಿ ಬರೆದರೆ ಅಂಗಳದ ರಂಗೋಲಿ. ಹೊರಗೋಡೆ ದಪ್ಪ, ಕಂದಕದ ಅಂಚು ತೆಳು, ನಡುವಿನ ಬಾವಿಯ ಬಳಿ ಇರುವ ಮದ್ದಿನ ನೆಲಮಾಳಿಗೆ ತುಂಡುಗೆರೆ ಎಂದಾದಾಗ ಮಾತ್ರ ಅದು ಕೋಟೆ. ಯಾವುದು ಎಷ್ಟು ದಪ್ಪ ಎಂದು ತೀರ್ಮಾನಿಸುವುದು ಕಟ್ಟಡ ಓದಿದವರ ಕೆಲಸ, ಸಾಫ್ಟ್‌ವೇರಿನದಲ್ಲ.

ಇಷ್ಟಾದರೂ ನನ್ನ ಮನಸ್ಸು ದಪ್ಪದ ವಿಷಯದಲ್ಲಿ ಕೈಯ ಪಕ್ಷಕ್ಕೆ ವಾಲುವುದಿಲ್ಲ. ಕಾರಣ ಭೂಮಿಯ ಕಾಗದಗಳು. ನಮ್ಮ ಗ್ರಾಮ ನಕ್ಷೆಗಳ ಅಳತೆ 1:7920, ಮೈಲಿಗೆ ಎಂಟು ಇಂಚು. ಅದರಲ್ಲಿ ಗಡಿಯ ಗೆರೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನೆಲದ ಮೇಲೆ ಅದರ ಅಗಲ 3.96 ಮೀಟರ್, ಹದಿಮೂರು ಅಡಿ. ನೂರು ಮೀಟರ್ ಉದ್ದದ ಬೇಲಿಗೆ ಆ ಗೆರೆಯೊಂದೇ ಸುಮಾರು ನಾಲ್ಕು ಗುಂಟೆ ನುಂಗುತ್ತದೆ. ಹಳೆಯ ನಕ್ಷೆ ಸ್ಕ್ಯಾನ್ ಮಾಡಿ ಅದರ ಮೇಲೆ ಕ್ಯಾಡಿನಲ್ಲಿ ಗೆರೆ ಎಳೆಯುವವರು ದಪ್ಪದ ನಡುವೆ ಎಳೆದರೋ, ಒಳ ಅಂಚಿನಲ್ಲೋ, ಹೊರ ಅಂಚಿನಲ್ಲೋ? ಅಕ್ಕಪಕ್ಕದ ಎರಡು ತೋಟದವರ ನಡುವೆ ಈ ಪ್ರಶ್ನೆ ಎದ್ದರೆ ಉತ್ತರ ಬಾಂದು ಕಲ್ಲಿನಲ್ಲಿ, ಟಿಪ್ಪಣಿಯ ಅಳತೆಯಲ್ಲಿ ಇರಬೇಕೇ ಹೊರತು ಗೆರೆಯಲ್ಲಿ ಅಲ್ಲ. ಕ್ಯಾಡಿನ ಗೆರೆಗೆ ಸ್ವಂತ ಅಗಲವಿಲ್ಲ, ಅದಕ್ಕಿರುವುದು ಬಿಂದುಗಳ ಲೆಕ್ಕ ಮಾತ್ರ. ಲೈನ್‌ವೇಟ್ ಮುದ್ರಣದ ಹೊತ್ತಿಗೆ ತೊಡಿಸುವ ಬಟ್ಟೆ. ಇದು ಗೊತ್ತಿದ್ದೂ ಕಾಗದ ಕೈಯಲ್ಲಿ ಹಿಡಿದವರು ದಪ್ಪ ಗೆರೆಯನ್ನೇ ಗಟ್ಟಿ ಗಡಿ ಎಂದು ನಂಬುತ್ತಾರೆ. ಹಿಸ್ಸಾ ಗಡಿ ಅಂದವಾಗಿ ಎದ್ದು ಕಾಣಲಿ ಎಂದು ಯಾರೋ 0.7 ಮಾಡಿ, ಸರ್ವೆ ನಂಬರಿನ ಗಡಿ 0.35ರಲ್ಲೇ ಉಳಿದರೆ ಓದುವವರಿಗೆ ಒಳಗಿನದೇ ಹೊರಗಿನದಾಗಿ ಕಾಣುತ್ತದೆ. ಒಬ್ಬರ ರುಚಿಗೆ ಬಿಡುವಂಥ ವಿಷಯ ಇದಲ್ಲ.

ನಿಯಮ ಇದ್ದೂ ಕೈಕೊಡುವ ಜಾಗಗಳನ್ನು ನಿಯಮದವರು ಅಷ್ಟು ಬೇಗ ಒಪ್ಪಿಕೊಳ್ಳುವುದಿಲ್ಲ, ನಾವೇ ಹೇಳಬೇಕು. ಹೆಚ್ಚಿನ ಕಚೇರಿಗಳಲ್ಲಿ ದಪ್ಪವನ್ನು ಬಣ್ಣಕ್ಕೆ ಕಟ್ಟುವ ಸಿಟಿಬಿ ಕಡತ ಬಳಸುತ್ತಾರೆ. ಪೆನ್ ಪ್ಲಾಟರ್ ಕಾಲದಲ್ಲಿ ಕೆಂಪು ಅಂದರೆ ಮೊದಲ ಪೆನ್ನು ಎಂದಿದ್ದ ಪದ್ಧತಿಯ ಮರಿ ಅದು. ಆ ಸಿಟಿಬಿ ನಕ್ಷೆಯ ಕಡತದೊಳಗೆ ಇರುವುದಿಲ್ಲ, ಬೇರೆ ಇರುತ್ತದೆ. ನಕ್ಷೆಯನ್ನಷ್ಟೇ ಮೇಲ್ ಮಾಡಿದರೆ ಎದುರಿನ ಯಂತ್ರದಲ್ಲಿ ಗೋಡೆಯೂ ಕಂಟೂರೂ ಒಂದೇ ದಪ್ಪ. ದಪ್ಪವನ್ನು 'ಡಿಫಾಲ್ಟ್' ಎಂದು ಬಿಟ್ಟ ಗೆರೆಗಳ ಗತಿಯೂ ಇದೇ. ಡಿಫಾಲ್ಟ್ ಎಷ್ಟು ಎಂಬುದು ನಕ್ಷೆಯಲ್ಲಿ ಅಲ್ಲ, ಆಯಾ ಕಂಪ್ಯೂಟರಿನಲ್ಲಿ ಕೂತಿರುತ್ತದೆ, ಮುಟ್ಟದಿದ್ದರೆ 0.25, ಯಾರಾದರೂ ಬದಲಿಸಿದ್ದರೆ ಅವರ ಇಷ್ಟ. ಅಂದರೆ ನಿಯಮ ಪಾಲಿಸಿದ್ದೇವೆ ಎಂದು ನೆಮ್ಮದಿಯಿಂದ ಕೂತವರ ನಿಯಮ ಅವರದೇ ಕಚೇರಿಯ ಬಾಗಿಲಿಗೆ ನಿಂತುಬಿಟ್ಟಿರಬಹುದು.

ಬೇಲಿಯ ವಿಷಯವೂ ಹಾಗೇ. ಆಟೋಕ್ಯಾಡಿನಲ್ಲಿ ಬೇಲಿಗೆ ಸಣ್ಣ ಉಂಗುರವಿರುವ ಫೆನ್ಸ್‌ಲೈನ್, ರೈಲಿಗೆ ಟ್ರ್ಯಾಕ್ಸ್ ಎಂಬ ಗೆರೆಗಳಿವೆ. ಆಲೂರು, ಸಕಲೇಶಪುರದಂಥ ಕಾಡಾನೆ ಸೀಮೆಯಲ್ಲಿ ಹಳೆಯ ರೈಲು ಹಳಿಯಿಂದಲೇ ಮಾಡುವ ತಡೆಬೇಲಿಗೆ ಯಾವುದನ್ನು ಹಾಕುವುದು? ಟ್ರ್ಯಾಕ್ಸ್ ಹಾಕಿದರೆ ತೋಟದ ನಡುವೆ ರೈಲು ಓಡಿಸಿದಂತೆ. ಅಮೆರಿಕದ ಕಂಪನಿ ಮಾಡಿಟ್ಟ ಪಟ್ಟಿಯಲ್ಲಿ ಆನೆ ಕಂದಕಕ್ಕೂ ಗೆರೆಯಿಲ್ಲ. ಇಲ್ಲಿಯವರೇ ಮಾಡಿಕೊಳ್ಳಬೇಕು, ಮಾಡಿಕೊಳ್ಳುವುದು ಕಷ್ಟವೂ ಅಲ್ಲ. ಲೈನ್‌ಟೈಪ್ ಪಟ್ಟಿ ಎಂಬುದು ನೋಟ್‌ಪ್ಯಾಡಿನಲ್ಲಿ ತೆರೆದು ಬರೆಯಬಹುದಾದ ಪಠ್ಯ ಅಷ್ಟೇ. ಬರೀ ತುಂಡು ಚುಕ್ಕಿಗಳ ಗೆರೆಯಾದರೆ ಅದರ ವಿವರ ನಕ್ಷೆಯ ಕಡತದೊಳಗೇ ಸೇರಿ ಹೋಗುತ್ತದೆ. ಉಂಗುರ, ಅಡ್ಡಪಟ್ಟಿ ಇರುವವು ಮಾತ್ರ ಇನ್ನೊಂದು ಆಕೃತಿ ಕಡತವನ್ನು ನೆಚ್ಚಿಕೊಂಡಿರುತ್ತವೆ, ಅದು ಜೊತೆಗೆ ಹೋಗದಿದ್ದರೆ ಬೇಲಿ ಹೋಯಿತು.

ಇನ್ನು ಮೊಬೈಲು. ಮೇಸ್ತ್ರಿಗೆ ನಕ್ಷೆ ತಲುಪುವುದು ವಾಟ್ಸಾಪಿನ ಪಿಡಿಎಫ್ ಆಗಿ. ಆರು ಇಂಚಿನ ಪರದೆಯಲ್ಲಿ ಎ1 ಹಾಳೆ ತೆರೆದಾಗ 0.13ಕ್ಕೂ 0.25ಕ್ಕೂ ಭೇದವಿರುವುದಿಲ್ಲ. ಕಂಪ್ಯೂಟರಿನ ಅಕ್ರೊಬ್ಯಾಟ್‌ನಲ್ಲಿ ತೆಳು ಗೆರೆಗಳನ್ನು ಎದ್ದು ಕಾಣಿಸುವ ಒಂದು ಆಯ್ಕೆಯೇ ಇದೆ, ಅದು ಸಣ್ಣ ಗೆರೆಗಳನ್ನೆಲ್ಲ ಸಮ ಮಾಡಿಬಿಡುತ್ತದೆ. ನಿಯಮದವರೂ ಕೈಯವರೂ ಇಲ್ಲಿ ಒಟ್ಟಿಗೆ ಸೋಲುತ್ತಾರೆ. ಇಂಥ ಓದುಗರಿಗೆ ದಪ್ಪದ ಏಳು ಮೆಟ್ಟಿಲು ದಂಡ, ಮೂರು ಸಾಕು. ಒಂದರಿಂದ ಇನ್ನೊಂದಕ್ಕೆ ಸಾಲಿನ ಒಂದು ಮನೆಯನ್ನಾದರೂ ಹಾರಬೇಕು: 0.18, 0.35, 0.7.

ಎರಡೂ ಪಕ್ಷದವರು ಮರೆತ ಒಂದು ಕೊಂಡಿ ಐಎಸ್‌ಓ 128ರ ಗೆರೆಗಳ ನಿಯಮದಲ್ಲಿದೆ. ಅಲ್ಲಿ ತುಂಡಿನ ಉದ್ದ ಇಷ್ಟು ಮಿಲಿಮೀಟರ್ ಎಂದು ಹೇಳಿಲ್ಲ, ಗೆರೆಯ ದಪ್ಪದ 12 ಪಟ್ಟು, ಖಾಲಿ 3 ಪಟ್ಟು ಎಂದು ಹೇಳಿದೆ. 0.5ರ ಗೆರೆಗೆ 6 ಮಿಲಿಮೀಟರ್ ತುಂಡು, 0.25ಕ್ಕೆ 3, 0.18ಕ್ಕೆ ಎರಡು ಚಿಲ್ಲರೆ. ಪೆನ್ನು ಸಣ್ಣದಾದರೆ ತುಂಡೂ ಸಣ್ಣದಾಗಬೇಕು ಎಂಬುದು ಕೈಯಲ್ಲಿ ಬರೆದವರಿಗೆ ತಾನೇ ಬರುತ್ತಿತ್ತು. ಕ್ಯಾಡು ಎರಡನ್ನೂ ಎರಡು ಬೇರೆ ಹಿಡಿಕೆ ಮಾಡಿ ನಂಟು ಬಿಡಿಸಿತು. ಆಟೋಕ್ಯಾಡಿನ ಪಟ್ಟಿಯಲ್ಲೇ ಡಬ್ಲ್ಯೂ100 ಎಂದು ಕೊನೆಗೊಳ್ಳುವ ಐಎಸ್‌ಓ ಗೆರೆಗಳಿವೆ, ಅವುಗಳಲ್ಲಿನ ತುಂಡುಗೆರೆ 12 ಮತ್ತು 3ರ ಅಳತೆಯದು. ಒಂದು ಮಿಲಿಮೀಟರ್ ಪೆನ್ನಿಗೆಂದು ಬರೆದವು. ಗುಣಕಕ್ಕೆ ಪೆನ್ನಿನ ದಪ್ಪವನ್ನೇ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಮೇಲೆ ಹೇಳಿದ ಸೆಪ್ಟಿಕ್ ಟ್ಯಾಂಕು 0.18ರಲ್ಲಿ, 2.16ರ ತುಂಡಿನೊಡನೆ, ಪಿಲೈನ್‌ಜೆನ್ ಹಾಕಿ ಎಳೆದರೆ ತುಂಡುಗೆರೆಯಾಗಿಯೇ ಉಳಿಯುತ್ತದೆ. ಕೈಯವರು ಕಣ್ಣಳತೆಯಲ್ಲಿ ಕಂಡುಕೊಂಡದ್ದೂ ನಿಯಮದ ಪುಸ್ತಕದಲ್ಲಿ ಇದ್ದದ್ದೂ ಒಂದೇ ಆಗಿತ್ತು.

ಹಾಗಾದರೆ ತೀರ್ಪು? ದಪ್ಪವನ್ನು ನಿಯಮಕ್ಕೆ ಕೊಡಿ. ಮೂರು ಮೆಟ್ಟಿಲು, ಲೇಯರಿನಲ್ಲೇ ಮಿಲಿಮೀಟರ್ ನಮೂದಿಸಿ, ಡಿಫಾಲ್ಟ್ ಎಂದು ಒಂದನ್ನೂ ಬಿಡದೆ. ನಕ್ಷೆಯ ಕಡತ ಕಳಿಸುವುದು ಪಿಡಿಎಫ್ ಜೊತೆಗೆ. ಇದರಲ್ಲಿ ವಿನಾಯಿತಿ ಬೇಡ; ಗಡಿಯ ಗೆರೆಯಲ್ಲಂತೂ ಬೇಡವೇ ಬೇಡ.

ತುಂಡಿನ ಉದ್ದದಲ್ಲಿ ಕೈಗೆ ಜಾಗ ಬಿಡಿ, ಆದರೆ ಗೆರೆಗೆರೆಯ ಗುಪ್ತ ಗುಣಕವಾಗಿ ಅಲ್ಲ. ಲೇಯರಿಗೆ ಲೈನ್‌ಟೈಪ್ ಸ್ಕೇಲ್ ಕೊಡುವ ಸೌಲಭ್ಯ ಆಟೋಕ್ಯಾಡಿನಲ್ಲಿ ಇಲ್ಲ. ಲೇಯರಿಗೆ ಬೇರೆ ಬೇರೆ ಗೆರೆ ಕೊಡಬಹುದು ಮಾತ್ರ. ಹಿಡನ್, ಅದರ ಅರ್ಧದ ಹಿಡನ್2, ಇಮ್ಮಡಿಯ ಹಿಡನ್‌ಎಕ್ಸ್2 ಎಂದು ಮೂರು ಮೂರು ಇಟ್ಟಿರುವುದು ಅದಕ್ಕೇ. ಅಷ್ಟು ಸಾಲದಿದ್ದರೆ ನೋಟ್‌ಪ್ಯಾಡಿನಲ್ಲಿ ಇನ್ನೂ ಸಣ್ಣದೊಂದನ್ನು ಬರೆದುಕೊಳ್ಳಬಹುದು. ಗಿಡ್ಡ ಗೆರೆಗಳಿಗೆ ಒಂದು ಲೇಯರ್, ಅಂದಾಜು ಕಂಟೂರ್‌ಗೆ ಒಂದು ಲೇಯರ್, ಎರಡಕ್ಕೂ ಅರ್ಥವಾಗುವ ಹೆಸರು. ಮುಂದಿನವರು ತೆರೆದರೆ ವಿನಾಯಿತಿ ಪಟ್ಟಿಯಲ್ಲೇ ಕಾಣುತ್ತದೆ. ಒಬ್ಬರೇ ನಡೆಸುವ ಸಣ್ಣ ಕಚೇರಿಗೆ ಇದು ಹೆಚ್ಚಿನ ಕೆಲಸ ಎನ್ನುವುದು ನಿಜ, ಒಮ್ಮೆ ಟೆಂಪ್ಲೇಟ್ ಮಾಡಿಟ್ಟುಕೊಂಡ ಮೇಲೆ ಅಷ್ಟು ಭಾರವಲ್ಲ.

ಸಕಲೇಶಪುರ, ಆಲೂರಿನ ಇಳಿಜಾರುಗಳಿಗೆ ನಕ್ಷೆ ಮಾಡುವವರಲ್ಲಿ ಒಂದು ಕೋರಿಕೆ. ಕಾಫಿಯಡಿಯ ನೆಲದ ಕಂಟೂರ್ ಅಂದಾಜಿನದಾಗಿದ್ದರೆ ತುಂಡುಗೆರೆಯೊಂದನ್ನೇ ನಂಬಿ ಕೂರಬೇಡಿ, ಗೆರೆಯ ಪಕ್ಕದಲ್ಲೇ "ಅಳೆದದ್ದಲ್ಲ" ಎಂದು ಕನ್ನಡದಲ್ಲಿ ಬರೆದುಬಿಡಿ, ಮೇಸ್ತ್ರಿ ಓದುವಷ್ಟು ದೊಡ್ಡ ಅಕ್ಷರದಲ್ಲಿ.